ತಟ್ಟೆಯ ಹಿಂಬದಿಯಲ್ಲಿ ಉಳಿದ ಮನೆಮಾತು

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳ ಹಿರಿಯರು ಒಂದೆಡೆ ಕೂಡಿದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ: ಮಕ್ಕಳ ಬಾಯಲ್ಲಿ ಈಗ ನಮ್ಮ ಹಾಡುಗಳಿಲ್ಲ. ಮಗ್ಗವನ್ನು ನಂಬಿದ ದೇವಾಂಗರಾಗಲಿ, ಹೊಲವನ್ನು ನಂಬಿದ ಒಕ್ಕಲಿಗರಾಗಲಿ, ಮನೆಯೊಳಗೆ ಕನ್ನಡವನ್ನೂ ಹೊಸ್ತಿಲಿನಾಚೆ ತಮಿಳನ್ನೂ ಆಡಿಕೊಂಡು ಬಂದವರು. ಶಾಲೆಯ ಪಾಠ ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅಂದಿನ ಚಹದಂಗಡಿಯ ರೇಡಿಯೋ, ಮದುವೆ ಚಪ್ಪರದ ಧ್ವನಿವರ್ಧಕ, ಇಂದಿನ ಕೈಫೋನು, ಇವೆಲ್ಲ ಹಾಡುವುದೂ ಬೇರೆ ಮಾತಿನಲ್ಲಿಯೇ. ಹೀಗಿರುವಾಗ ಹದಿನಾರು, ಹದಿನೇಳರ ಹರೆಯದವರು ಹೊರಗಿನ ಹಾಡಿಗೆ ಮನಸೋತರೆ ಮನೆಮಾತಿನ ಗತಿಯೇನು ಎಂಬ ಚಿಂತೆ ಸಹಜವಾದುದೇ.

ಇದೇ ಚಿಂತೆ 1950ರ ದಶಕದ ಕೊನೆಯಲ್ಲಿ ಅಮೆರಿಕದ ಸಾವಿರಾರು ಮನೆಗಳಲ್ಲಿಯೂ ಇತ್ತು. ಇಟಲಿಯಿಂದ, ಮೆಕ್ಸಿಕೋದಿಂದ ದುಡಿಮೆಗಾಗಿ ಬಂದು ನೆಲೆಸಿದವರ ಮಕ್ಕಳು ತಂದೆತಾಯಿಯರ ಮಾತನ್ನು ಬಿಟ್ಟು ಇಂಗ್ಲಿಷಿನ ರಾಕ್ ಅಂಡ್ ರೋಲ್ ಹಾಡುಗಳ ಬೆನ್ನು ಹತ್ತಿದ್ದರು. ಆಗ ದೇಶದ ಯುವಜನರು ಆರಾಧಿಸುತ್ತಿದ್ದ ಎಳೆಯ ಗಾಯಕರಲ್ಲಿ ಅನೇಕರು ಅಂಥ ಮನೆಗಳಿಂದಲೇ ಬಂದವರು. ಅವರ ಕತೆಯನ್ನು ಕೀರ್ತಿಯ ಕತೆಯೆಂದು ಓದುವವರೇ ಹೆಚ್ಚು. ಗಡಿನಾಡಿನ ನಾವು ಅದನ್ನು ಮನೆಮಾತಿನ ಕತೆಯೆಂದು ಓದಿಕೊಳ್ಳುವುದು ಉಚಿತ.

ಹರೆಯದವರ ಕೈಸೇರಿದ ಸಂಗೀತ

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮನೆಯಲ್ಲಿ ಯಾವ ಹಾಡು ಕೇಳಬೇಕೆಂಬುದನ್ನು ತೀರ್ಮಾನಿಸುತ್ತಿದ್ದವರು ಹಿರಿಯರು. ಗ್ರಾಮಫೋನು ನಡುಮನೆಯ ಆಸ್ತಿಯಾಗಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ ದುಬಾರಿಯೂ ಭಾರವೂ ಆಗಿದ್ದು, ಕೈಜಾರಿದರೆ ಚೂರುಚೂರಾಗುತ್ತಿತ್ತು. ಅದನ್ನು ಮಾಡಲು ಬೇಕಾದ ಅರಗು ಬಹುಮಟ್ಟಿಗೆ ನಮ್ಮ ದೇಶದ ಕಾಡುಗಳಿಂದ, ಅದರಲ್ಲೂ ಛೋಟಾ ನಾಗಪುರದ ಕಡೆಯಿಂದ, ಹಡಗೇರಿ ಹೋಗುತ್ತಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿಯು 7 ಅಂಗುಲದ, 45 ಸುತ್ತಿನ, ಹಗುರವಾದ ವಿನೈಲ್ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಮುಂಬದಿಯಲ್ಲಿ ಒಂದು ಹಾಡು, ಹಿಂಬದಿಯಲ್ಲಿ ಒಂದು ಹಾಡು. ಬಾಲಕರು ತಮ್ಮ ಕೈಖರ್ಚಿನ ಹಣದಿಂದಲೇ ಕೊಳ್ಳಬಹುದಾದ ವಸ್ತು ಅದಾಗಿತ್ತು. 1954ರಲ್ಲಿ ಕಿಸೆಯಲ್ಲಿಟ್ಟುಕೊಳ್ಳಬಹುದಾದ ಟ್ರಾನ್ಸಿಸ್ಟರ್ ರೇಡಿಯೋ ಬಂದಿತು. ತಂದೆಯ ಅಪ್ಪಣೆಯಿಲ್ಲದೆ, ತಾಯಿಯ ಕಿವಿಗೆ ಬೀಳದಂತೆ ಹಾಡು ಕೇಳುವ ಅನುಕೂಲ ಹರೆಯದವರಿಗೆ ಚರಿತ್ರೆಯಲ್ಲಿ ಮೊದಲ ಬಾರಿಗೆ ಒದಗಿತು. ಕಂಪನಿಗಳು ಈ ಹೊಸ ಗಿರಾಕಿಯನ್ನು ಬೇಗನೆ ಗುರುತಿಸಿದವು.

1955ರಲ್ಲಿ ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ ಹಾಡು ಜನಪ್ರಿಯತೆಯ ಪಟ್ಟಿಯ ತಲೆಯೇರಿದಾಗ ಆತನಿಗೆ ಮೂವತ್ತು ವರ್ಷ. ಮರುವರ್ಷ ದೇಶವನ್ನೆಲ್ಲ ಕುಣಿಸಿದ ಎಲ್ವಿಸ್ ಪ್ರೀಸ್ಲಿಗೆ ಇಪ್ಪತ್ತೊಂದು. ಆದರೆ 1958ರ ಮಾರ್ಚ್ 24ರಂದು ಎಲ್ವಿಸ್ ಸೈನ್ಯ ಸೇರಬೇಕಾಯಿತು. ಲಿಟಲ್ ರಿಚರ್ಡ್ 1957ರಲ್ಲಿಯೇ ಹಾಡನ್ನು ಬಿಟ್ಟು ಧರ್ಮೋಪದೇಶದತ್ತ ತಿರುಗಿದ್ದನು. ತೆರವಾದ ಸ್ಥಾನಕ್ಕೆ ಕಂಪನಿಗಳು ಇನ್ನೂ ಎಳೆಯ, ಇನ್ನೂ ಸೌಮ್ಯವಾದ ಮುಖಗಳನ್ನು ಹುಡುಕಿದವು. 1957ರ ಆಗಸ್ಟ್ 5ರಿಂದ ಫಿಲಡೆಲ್ಫಿಯಾ ನಗರದ ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಎಂಬ ದೂರದರ್ಶನ ಕಾರ್ಯಕ್ರಮವು, ಡಿಕ್ ಕ್ಲಾರ್ಕ್ ಎಂಬ ನಿರೂಪಕನ ನೇತೃತ್ವದಲ್ಲಿ, ದೇಶದಾದ್ಯಂತ ಪ್ರಸಾರವಾಗತೊಡಗಿತು. ಶಾಲೆ ಬಿಟ್ಟು ಮನೆಗೆ ಬಂದ ಮಕ್ಕಳು ತಮ್ಮಷ್ಟೇ ವಯಸ್ಸಿನವರು ಕುಣಿಯುವುದನ್ನು ನೋಡುತ್ತ ಕುಳಿತರು.

ಅದೇ ವರ್ಷ ಕೆನಡಾದ ಆಟವಾ ನಗರದ ಪಾಲ್ ಆಂಕಾ ಎಂಬ ಹುಡುಗನು ಹದಿನಾರು ತುಂಬುವಷ್ಟರಲ್ಲಿ ‘ಡಯಾನಾ’ ಎಂಬ ಸ್ವರಚಿತ ಹಾಡಿನಿಂದ ಹೆಸರಾದನು. 1958ರ ಆಗಸ್ಟ್ 4ರಂದು ‘ಬಿಲ್‌ಬೋರ್ಡ್’ ಪತ್ರಿಕೆಯು ಇಂದಿಗೂ ನಡೆದುಬಂದಿರುವ ತನ್ನ ನೂರು ಹಾಡುಗಳ ಪಟ್ಟಿಯನ್ನು ಮೊದಲು ಪ್ರಕಟಿಸಿದಾಗ ಅದರ ಅಗ್ರಸ್ಥಾನದಲ್ಲಿದ್ದುದು ಹದಿನೆಂಟು ವರ್ಷದ ರಿಕಿ ನೆಲ್ಸನ್‌ನ ‘ಪುವರ್ ಲಿಟಲ್ ಫೂಲ್’. ಎಳೆತನವೇ ಸರಕಾದ ಕಾಲವದು. ಫೇಬಿಯನ್ ಎಂಬ ಹುಡುಗನ ನಿದರ್ಶನ ಸಾಕು. ಆತನ ತಂದೆಗೆ ಹೃದಯಾಘಾತವಾಗಿ ಮನೆಯ ಮುಂದೆ ಆಂಬುಲೆನ್ಸ್ ನಿಂತಿದ್ದ ಹೊತ್ತಿನಲ್ಲಿ, ಸಂಗೀತ ವ್ಯಾಪಾರಿಯೊಬ್ಬನು ಅವನ ಚೆಲುವಾದ ಮುಖವನ್ನು ಕಂಡು, ಹಾಡುವೆಯಾ ಎಂದು ಕೇಳಿದನು. ಹುಡುಗನಿಗೆ ಹಾಡುವ ಅಭ್ಯಾಸವಿರಲಿಲ್ಲ. ಮನೆಗೆ ದುಡ್ಡು ಬೇಕಾಗಿತ್ತು. 1959ರಲ್ಲಿ ‘ಟೈಗರ್’ ಎಂಬ ಅವನ ತಟ್ಟೆ ಭರದಿಂದ ಮಾರಾಟವಾಯಿತು. ತಮ್ಮ ತಟ್ಟೆಗಳನ್ನು ನುಡಿಸಲೆಂದು ಕಂಪನಿಗಳು ರೇಡಿಯೋ ನಿರೂಪಕರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದ ವಿಷಯವನ್ನು 1959–60ರಲ್ಲಿ ಅಮೆರಿಕದ ಸಂಸತ್ತೇ ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು.

ಮೊಟಕಾದ ಹೆಸರುಗಳು

ಈ ಗಾಯಕರ ಹೆಸರುಗಳನ್ನು ಒಂದೊಂದಾಗಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. 1959ರಲ್ಲಿ ‘ವೀನಸ್’ ಹಾಡಿನಿಂದ ಐದು ವಾರ ಅಗ್ರಸ್ಥಾನದಲ್ಲಿ ನಿಂತ ಫ್ರಾಂಕಿ ಅವಲಾನ್ ಮನೆಯಲ್ಲಿ ಫ್ರಾನ್ಸಿಸ್ ಅವಲ್ಲೋನೆ. ಬಾಬಿ ರೈಡೆಲ್‌ನ ನಿಜನಾಮ ರಾಬರ್ಟ್ ರಿಡರೆಲ್ಲಿ. ಬಾಬಿ ಡೇರಿನ್ ಹುಟ್ಟುಹೆಸರಿನಲ್ಲಿ ಕಸೊಟ್ಟೊ. ಫೇಬಿಯನ್ನನ ಮನೆತನದ ಹೆಸರಾದ ಫೋರ್ಟೆ ತಟ್ಟೆಯ ಮೇಲೆ ಅಚ್ಚಾಗಲೇ ಇಲ್ಲ. ಇವರೆಲ್ಲ ಇಟಾಲಿಯನ್ ಕುಟುಂಬಗಳ ಕುಡಿಗಳು. ನಮ್ಮ ಲಖನೌ ನಗರದಲ್ಲಿ 1940ರಲ್ಲಿ ಹುಟ್ಟಿ, 1948ರಲ್ಲಿ ಕುಟುಂಬದೊಡನೆ ಇಂಗ್ಲೆಂಡಿಗೆ ಹೋದ ಹ್ಯಾರಿ ವೆಬ್ ಕೂಡ 1958ರಲ್ಲಿ ಕ್ಲಿಫ್ ರಿಚರ್ಡ್ ಎಂಬ ಹೊಸ ಹೆಸರಿನಿಂದಲೇ ಆ ದೇಶದ ಯುವಜನರ ಕಣ್ಮಣಿಯಾದನು.

ಹೆಸರನ್ನು ಮೊಟಕುಗೊಳಿಸಲು ಹೇಳುತ್ತಿದ್ದ ಕಾರಣ ಒಂದೇ: ರೇಡಿಯೋದಲ್ಲಿ ಉಚ್ಚರಿಸಲು ಸುಲಭವಾಗಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ ನಮ್ಮ ಮಕ್ಕಳ ಹೆಸರುಗಳು ಬೇರೆ ಉಚ್ಚಾರಕ್ಕೆ ಒಗ್ಗಿಕೊಂಡುದನ್ನು ಕಂಡ ಗಡಿನಾಡಿನ ತಂದೆತಾಯಿಯರಿಗೆ ಈ ಕಾರಣ ಹೊಸದೆನಿಸಲಾರದು.

ನ್ಯೂ ಜೆರ್ಸಿಯ ನ್ಯೂವಾರ್ಕಿನಲ್ಲಿ ಹುಟ್ಟಿದ ಕೊನ್ಚೆಟ್ಟಾ ಫ್ರಾಂಕೊನೇರೊ ಎಂಬ ಬಾಲಕಿಗೂ ಹೀಗೆಯೇ ಆಯಿತು. ಪ್ರಸಿದ್ಧ ನಿರೂಪಕನೊಬ್ಬನ ಸಲಹೆಯಂತೆ ಆಕೆ ಕಾನಿ ಫ್ರಾನ್ಸಿಸ್ ಆದಳು. ಹಲವು ತಟ್ಟೆಗಳು ಸೋತ ಮೇಲೆ, ತಂದೆಯ ಹಟಕ್ಕೆ ಮಣಿದು 1923ರಷ್ಟು ಹಳೆಯದಾದ ‘ಹೂಸ್ ಸಾರಿ ನೌ’ ಎಂಬ ಹಾಡನ್ನು ಹೊಸ ಲಯದಲ್ಲಿ ಹಾಡಿ, 1958ರಲ್ಲಿ ಗೆದ್ದಳು. 1960ರಲ್ಲಿ ‘ಬಿಲ್‌ಬೋರ್ಡ್’ ನೂರರ ಪಟ್ಟಿಯ ಅಗ್ರಸ್ಥಾನಕ್ಕೇರಿದ ಮೊದಲ ಗಾಯಕಿ ಎನಿಸಿದಳು. ಆದರೆ ನಮ್ಮ ಗಮನಕ್ಕೆ ಬರಬೇಕಾದುದು 1959ರ ಅವಳ ಇನ್ನೊಂದು ತಟ್ಟೆ. ಅದರಲ್ಲಿ ಆಕೆ ಹಾಡಿದುದು ತಂದೆತಾಯಿಯರ ಪೀಳಿಗೆಯವರು ಗುನುಗುತ್ತಿದ್ದ ಇಟಾಲಿಯನ್ ಹಾಡುಗಳನ್ನು. ಆ ಸಂಕಲನವು ದೊಡ್ಡ ತಟ್ಟೆಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದವರೆಗೆ ಏರಿತು. ಹೆಸರಿನಿಂದ ಕತ್ತರಿಸಿ ತೆಗೆದ ಮನೆಮಾತು ಹೀಗೆ ಹಾಡಿನಲ್ಲಿ ಮರಳಿ ಬಂದಿತು. ಮಗಳು ಇಂಗ್ಲಿಷಿನ ಗಾಯಕಿಯಾದಳೆಂದು ನೊಂದಿದ್ದ ಅಜ್ಜಿಯರೂ ಅಂಗಡಿಗೆ ಹೋಗಿ ಕೊಂಡುಕೊಳ್ಳಬಹುದಾದ ತಟ್ಟೆ ಅದಾಗಿತ್ತು.

ಹದಿನೇಳರ ಹುಡುಗ, ಮದುವೆಯ ಹಾಡು

ಈ ಎಲ್ಲರ ನಡುವೆ ನಮಗೆ ಅತ್ಯಂತ ಹತ್ತಿರದವನೆನಿಸುವವನು ರಿಚಿ ವ್ಯಾಲೆನ್ಸ್. ಲಾಸ್ ಏಂಜಲೀಸ್ ನಗರದ ಅಂಚಿನ ಪಕೋಯ್ಮಾ ಎಂಬಲ್ಲಿ 1941ರ ಮೇ 13ರಂದು ಮೆಕ್ಸಿಕನ್ ಮೂಲದ ಶ್ರಮಿಕ ಕುಟುಂಬವೊಂದರಲ್ಲಿ ಹುಟ್ಟಿದ ರಿಚರ್ಡ್ ವ್ಯಾಲೆನ್ಸುವೇಲಾ ಈತ. ಹೆಸರನ್ನು ಮೊಟಕುಗೊಳಿಸಿದವನು ಡೆಲ್-ಫೈ ಎಂಬ ಸಣ್ಣ ಕಂಪನಿಯ ಒಡೆಯ ಬಾಬ್ ಕೀನ್.

ರಿಚಿ ಬೆಳೆದುದು ಇಂಗ್ಲಿಷಿನಲ್ಲಿ. ಹಿರಿಯರ ಸ್ಪ್ಯಾನಿಷ್ ಮಾತು ಕಿವಿಗೆ ಬೀಳುತ್ತಿತ್ತೇ ಹೊರತು ನಾಲಗೆಗೆ ಸಲೀಸಾಗಿರಲಿಲ್ಲ. ನಮ್ಮ ಅನೇಕ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗ ತಮಿಳಿನಲ್ಲಿ ಉತ್ತರ ಕೊಡುತ್ತಾನೆ, ಅಂಥದೇ ಸ್ಥಿತಿ. ಆದರೂ ಒಂದು ಹಾಡು ಅವನ ಮನಸ್ಸಿನಲ್ಲಿ ಕುಳಿತಿತ್ತು. ಮೆಕ್ಸಿಕೋದ ವೆರಾಕ್ರೂಸ್ ಕರಾವಳಿಯಲ್ಲಿ ಮದುವೆಗಳಲ್ಲಿ ಹಾಡಿ ಕುಣಿಯುವ ‘ಲಾ ಬಾಂಬಾ’ ಎಂಬ ಜನಪದ ಗೀತೆ ಅದು. ಆ ಹಾಡನ್ನು ರಾಕ್ ಅಂಡ್ ರೋಲ್ ಮಟ್ಟಿನಲ್ಲಿ ಮುದ್ರಿಸೋಣವೆಂದಾಗ ಹುಡುಗ ಮೊದಲು ಹಿಂಜರಿದನು. ಹಿರಿಯರ ಹಾಡನ್ನು ಕೆಡಿಸಿದಂತಾದೀತೆಂಬ ಅಳುಕು. ಕೊನೆಗೆ ಮನೆಯ ಹಿರಿಯರಿಂದ ಮಾತುಗಳನ್ನು ಉಚ್ಚಾರದ ಮೂಲಕವೇ ಕಲಿತು ಹಾಡಿದನು.

1958ರ ಶರತ್ಕಾಲದಲ್ಲಿ ಆ ತಟ್ಟೆ ಹೊರಬಂದಿತು. ಮುಂಬದಿಯಲ್ಲಿದ್ದುದು ಶಾಲೆಯ ಗೆಳತಿಯ ಹೆಸರಿನಲ್ಲಿ ಅವನೇ ಬರೆದ ಇಂಗ್ಲಿಷ್ ಹಾಡು ‘ಡೋನಾ’. ಅದು ದೇಶದ ಪಟ್ಟಿಯಲ್ಲಿ ಎರಡನೆಯ ಸ್ಥಾನ ಮುಟ್ಟಿತು. ಮದುವೆಯ ಹಾಡಿಗೆ ಸಿಕ್ಕಿದುದು ಹಿಂಬದಿ. ಅದೂ ಪಟ್ಟಿಯೇರಿತು, ಆದರೆ ಇಪ್ಪತ್ತೆರಡರಲ್ಲಿ ನಿಂತಿತು. 1959ರ ಫೆಬ್ರವರಿ 3ರ ರಾತ್ರಿ ಅಯೋವಾ ರಾಜ್ಯದ ಕ್ಲಿಯರ್ ಲೇಕ್ ಬಳಿ ಹಿಮಗಾಳಿಯಲ್ಲಿ ಸಣ್ಣ ವಿಮಾನವೊಂದು ಬಿದ್ದು, ಬಡ್ಡಿ ಹಾಲಿ ಮತ್ತು ಬಿಗ್ ಬಾಪರ್ ಎಂಬ ಗಾಯಕರೊಡನೆ ರಿಚಿಯೂ ತೀರಿಕೊಂಡನು. ಆಗ ಅವನಿಗೆ ಹದಿನೇಳು. ಗಾಯಕನಾಗಿ ಬಾಳಿದುದು ಒಂದು ವರ್ಷಕ್ಕೂ ಕಡಿಮೆ.

ಅಗ್ರಸ್ಥಾನದ ಸಮೀಪಕ್ಕೆ ಹೋದ ‘ಡೋನಾ’ ಇಂದು ಹಳಬರ ನೆನಪಿನಲ್ಲಿದೆ. ಹಿಂಬದಿಯ ‘ಲಾ ಬಾಂಬಾ’ ಲೋಕವನ್ನೆಲ್ಲ ಸುತ್ತಿತು. 1987ರಲ್ಲಿ ರಿಚಿಯ ಜೀವನವನ್ನು ಕುರಿತು ಚಲನಚಿತ್ರ ಬಂದಾಗ, ಪೂರ್ವ ಲಾಸ್ ಏಂಜಲೀಸಿನ ಮೆಕ್ಸಿಕನ್ ಮನೆಗಳಿಂದ ಬಂದ ‘ಲಾಸ್ ಲೋಬೋಸ್’ ತಂಡ ಅದನ್ನು ಮತ್ತೆ ಹಾಡಿತು. ಪೂರ್ತಿ ಸ್ಪ್ಯಾನಿಷಿನಲ್ಲಿದ್ದ ಆ ಹಾಡು ಅಮೆರಿಕದ ಪಟ್ಟಿಯ ಅಗ್ರಸ್ಥಾನದಲ್ಲಿ ಮೂರು ವಾರ ನಿಂತಿತು. 2019ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯವು ರಿಚಿಯ ಮೂಲ ಮುದ್ರಣವನ್ನು, ದೇಶವು ಕಾಪಾಡಿಕೊಳ್ಳಬೇಕಾದ ಧ್ವನಿಗಳ ಸಾಲಿಗೆ ಸೇರಿಸಿತೆಂದು ಪ್ರಕಟಿಸಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಒಂದು ಹಾಡನ್ನು ಉರುಹೊಡೆದ ಮಾತ್ರಕ್ಕೆ ಭಾಷೆ ಬಂದಂತಾಗುವುದಿಲ್ಲ, ರಿಚಿಗೂ ಬಂದಿರಲಿಲ್ಲ. ಆದರೆ ಆ ಮಾತಿನಲ್ಲಿ ಹಾಡುವುದು ಹಳ್ಳಿಗತನವಲ್ಲ, ನಾಚಿಕೆಯಲ್ಲ ಎಂಬ ಧೈರ್ಯವನ್ನು ಅವನ ತಟ್ಟೆ ಹಿಂದೆ ಬಂದವರಿಗೆ ಕೊಟ್ಟಿತು. ಭಾಷೆಯನ್ನು ಕಲಿಯುವ ಮನಸ್ಸು ಆ ಧೈರ್ಯದ ನಂತರ ಬರುವಂಥದು.

ಎರಡು ಮಾತಿನ ಒಂದು ಹಾಡು

ಟೆಕ್ಸಸ್ ರಾಜ್ಯದಲ್ಲಿ ಮೆಕ್ಸಿಕೋ ಗಡಿಗೆ ತಾಗಿದ ಸ್ಯಾನ್ ಬೆನಿಟೊ ಎಂಬ ಊರಿದೆ. 1937ರಲ್ಲಿ ಅಲ್ಲಿ ಹುಟ್ಟಿದ ಬಾಲ್ಡೆಮಾರ್ ವೆರ್ತಾ, ಹೊಲಗಳಲ್ಲಿ ಕೂಲಿಗಾಗಿ ಊರೂರು ಅಲೆಯುತ್ತಿದ್ದ ಕುಟುಂಬದ ಹುಡುಗ. ಎಲ್ವಿಸ್‌ನ ಹಾಡುಗಳನ್ನು ಸ್ಪ್ಯಾನಿಷಿಗೆ ತಿರುಗಿಸಿ ಹಾಡಿ ಗಡಿಸೀಮೆಯಲ್ಲಿ ಹೆಸರಾದನು. ಇಂಗ್ಲಿಷಿನವರಿಗೂ ತನ್ನ ಹಾಡು ಮುಟ್ಟಬೇಕೆಂದು 1959ರಲ್ಲಿ ತನ್ನ ಗಿಟಾರಿನ ಹೆಸರನ್ನೇ ತೆಗೆದುಕೊಂಡು ಫ್ರೆಡಿ ಫೆಂಡರ್ ಆದನು. ಮರುವರ್ಷ ಗಾಂಜಾ ಇಟ್ಟುಕೊಂಡಿದ್ದನೆಂಬ ಆರೋಪದ ಮೇಲೆ ಜೈಲು ಸೇರಿದನು. ಬಿಡುಗಡೆಯಾದ ಮೇಲೆ ಬಹುಕಾಲ ಮೋಟಾರು ದುರಸ್ತಿಯ ಕೆಲಸ ಮಾಡಿಕೊಂಡಿದ್ದನು. 1975ರಲ್ಲಿ ‘ಬಿಫೋರ್ ದ ನೆಕ್ಸ್ಟ್ ಟಿಯರ್‌ಡ್ರಾಪ್ ಫಾಲ್ಸ್’ ಎಂಬ ಹಾಡನ್ನು ಮೊದಲು ಇಂಗ್ಲಿಷಿನಲ್ಲಿ, ಅನಂತರ ಅದೇ ಹಾಡಿನೊಳಗೆ ಸ್ಪ್ಯಾನಿಷಿನಲ್ಲಿ ಹಾಡಿದಾಗ ದೇಶವೇ ತಲೆದೂಗಿತು. ಎರಡು ಪಟ್ಟಿಗಳಲ್ಲಿ ಅಗ್ರಸ್ಥಾನ ದೊರೆಯಿತು. ಯೌವನದಲ್ಲಿ ಎರಡು ಮಾತುಗಳನ್ನು ಬೇರೆಬೇರೆ ತಟ್ಟೆಗಳಿಗೆ ಹಂಚಿದ್ದವನು ನಡುವಯಸ್ಸಿನಲ್ಲಿ ಎರಡನ್ನೂ ಒಂದೇ ಹಾಡಿನಲ್ಲಿ ಕೂಡಿಸಿದನು. ಗಡಿಯಲ್ಲಿ ಬಾಳುವವರ ನಿಜವಾದ ಮಾತು ಹಾಗೆಯೇ ಇರುತ್ತದೆ.

ನಮ್ಮ ಸೀಮೆಯಲ್ಲಿ

ಈ ಅಲೆ ನಮ್ಮ ಕಡೆಗೆ ನೇರವಾಗಿಯೂ ಬಂದಿತು, ಸುತ್ತುದಾರಿಯಿಂದಲೂ ಬಂದಿತು. 1952ರಲ್ಲಿ ಆಕಾಶವಾಣಿಯು ಚಿತ್ರಗೀತೆಗಳನ್ನು ದೂರವಿಟ್ಟಾಗ ಕೇಳುಗರು ರೇಡಿಯೋ ಸಿಲೋನಿನತ್ತ ತಿರುಗಿದರು. ಅಲ್ಲಿ ತಮಿಳು, ಹಿಂದಿ ಗೀತೆಗಳೊಡನೆ ಇಂಗ್ಲಿಷ್ ಹಾಡುಗಳೂ ಕೇಳಿಬರುತ್ತಿದ್ದವು. ಆಕಾಶವಾಣಿ ತನ್ನ ವಿವಿಧ ಭಾರತಿಯನ್ನು ಆರಂಭಿಸಿದುದು 1957ರ ಅಕ್ಟೋಬರ್ 3ರಂದು.

ಕೊಯಮತ್ತೂರು ನಗರ ಆ ಕಾಲದಲ್ಲಿ ಹಾಡುಗಳನ್ನು ಕೇಳುವ ಊರಷ್ಟೇ ಆಗಿರದೆ, ಹುಟ್ಟಿಸುವ ಊರೂ ಆಗಿತ್ತು. ಎಸ್. ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ ಇದ್ದುದು ಇಲ್ಲಿಯೇ. 1954ರ ‘ಮಲೈಕ್ಕಳ್ಳನ್’ ತಮಿಳು ಚಿತ್ರದ ಕತೆಯನ್ನೇ ಅವರು 1955ರಲ್ಲಿ ‘ಆಜಾದ್’ ಎಂದು ಹಿಂದಿಯಲ್ಲಿಯೂ, 1957ರಲ್ಲಿ ಕಲ್ಯಾಣಕುಮಾರ್ ಅವರನ್ನು ನಾಯಕರನ್ನಾಗಿಸಿ ‘ಬೆಟ್ಟದ ಕಳ್ಳ’ ಎಂದು ಕನ್ನಡದಲ್ಲಿಯೂ ತೆಗೆದರು. ‘ಆಜಾದ್’ ಚಿತ್ರಕ್ಕೆ ಸಂಗೀತ ಕೊಟ್ಟ ಸಿ. ರಾಮಚಂದ್ರ ಅವರೇ 1957ರ ‘ಆಶಾ’ ಚಿತ್ರದಲ್ಲಿ ಹಿಂದಿಗೆ ರಾಕ್ ಅಂಡ್ ರೋಲ್ ಲಯವನ್ನು ತಂದು ದೇಶದ ಮಕ್ಕಳನ್ನೆಲ್ಲ ಕುಣಿಸಿದವರು.

ಗಡಿಸೀಮೆಯಲ್ಲಿ ಹುಟ್ಟಿ ಆರಾಧ್ಯರಾದವರು ನಮ್ಮಲ್ಲಿಯೂ ಇದ್ದರು. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜರನ್ನು ಇಲ್ಲಿ ನೆನೆಯಲೇಬೇಕು. ಇಂದು ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿರುವ ಆ ಊರು ಅಂದು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದೊಡನೆ ಅವರೂ ಹೊಸ ಹೆಸರು ಪಡೆದು ರಾಜಕುಮಾರ್ ಆದರು. ಅವರು ಹದಿಹರೆಯದ ತಾರೆಯಾಗಿರಲಿಲ್ಲ. ಬಹುಕಾಲ ಅವರಿಗೆ ಕಂಠವಾಗಿದ್ದವರು ಕಾಕಿನಾಡದಲ್ಲಿ ಹುಟ್ಟಿದ ಪಿ. ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡುವ ಗೀತೆಯಿಂದಾಚೆಗೆ ರಾಜಕುಮಾರ್ ಗಾಯಕರಾಗಿಯೂ ಮನೆಮಾತಾದರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ, ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ, ಪೂರ್ತಿ ಇಂಗ್ಲಿಷಿನ ಹಾಡೊಂದನ್ನು ಪಾಶ್ಚಾತ್ಯ ಧಾಟಿಯಲ್ಲಿ ಹಾಡಿದರು. ಶಾಲೆಯನ್ನು ಎಳೆತನದಲ್ಲಿಯೇ ಬಿಟ್ಟು ನಾಟಕ ಕಂಪನಿ ಸೇರಿದ್ದ ಕಲಾವಿದರು ಅವರು. ಆ ಇಂಗ್ಲಿಷ್ ಹಾಡಿನಿಂದ ಅವರ ಕನ್ನಡಕ್ಕೆ ಕುಂದೇನೂ ಬರಲಿಲ್ಲ. ಕನ್ನಡ ಅವರ ತಟ್ಟೆಯ ಮುಂಬದಿಯಲ್ಲಿತ್ತು. ಇಂಗ್ಲಿಷು ಹಿಂಬದಿಗೆ ಬಂದು ಹೋದ ಅತಿಥಿಯಾಗಿತ್ತು.

ಇದರಿಂದ ನಮಗೆ ತಿಳಿಯುವುದಿಷ್ಟು: ಮಕ್ಕಳು ಹೊರಗಿನ ಹಾಡು ಹಾಡುವುದು ಕೇಡಲ್ಲ, ತಮಿಳು ಹಾಡು ಹಾಡುವುದಂತೂ ಕೇಡೇ ಅಲ್ಲ, ಅನ್ನ ಕೊಟ್ಟ ನೆಲದ ಮಾತು ಅದು. ನಾವು ನೋಡಿಕೊಳ್ಳಬೇಕಾದುದು ಮನೆಯಲ್ಲಿ ಹಾಡು ನಿಂತುಹೋಗದಂತೆ. ರಿಚಿ ವ್ಯಾಲೆನ್ಸ್ ಕಲಿಯಲು ಮನಸ್ಸು ಮಾಡಿದಾಗ ಕಲಿಸುವವರು ಮನೆಯಲ್ಲಿದ್ದರು. ನಮ್ಮ ಹುಡುಗರು ಕೇಳುವ ದಿನ ಬಂದಾಗ ಹೇಳಿಕೊಡುವವರು ಇರುವರೇ?

ಮನೆಯಲ್ಲಿ ಮಾಡಬಹುದಾದುದು

ಸೋಬಾನೆ, ಹಸೆಯ ಹಾಡು, ಆರತಿಯ ಹಾಡು, ಜೋಗುಳ ಇವೆಲ್ಲ ನಮ್ಮ ‘ಲಾ ಬಾಂಬಾ’ಗಳೇ. ಇವನ್ನು ಬಲ್ಲ ಹೆಂಗಸರು ಪ್ರತಿ ಊರಿನಲ್ಲಿಯೂ ಕಡಿಮೆಯಾಗುತ್ತಿದ್ದಾರೆ. ಅವರ ಬಾಯಿಂದ ಕೇಳಿದುದನ್ನು ಕೈಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಈಗ ಕಂಪನಿಯೂ ಬೇಡ, ಸ್ಟುಡಿಯೋವೂ ಬೇಡ. ಹಾಡಿದವರ ಹೆಸರು, ಊರು, ಯಾವ ಶಾಸ್ತ್ರಕ್ಕೆ ಹಾಡುವ ಹಾಡು, ಮುದ್ರಿಸಿದ ದಿನ ಇಷ್ಟನ್ನು ಆರಂಭದಲ್ಲಿಯೇ ಬಾಯಿಮಾತಿನಲ್ಲಿ ಹೇಳಿಸಿಬಿಟ್ಟರೆ ಮುಂದೆ ಗೊಂದಲವಿರದು.

ಕನ್ನಡ ಅಕ್ಷರ ಬಾರದ ಮಕ್ಕಳು ಹಾಡನ್ನು ತಮಿಳು ಲಿಪಿಯಲ್ಲಿ ಬರೆದುಕೊಳ್ಳಲಿ, ಅದರಲ್ಲಿ ಅವಮಾನವೇನಿಲ್ಲ. ಒಂದು ತೊಡಕನ್ನು ಮಾತ್ರ ನೆನಪಿಡಬೇಕು. ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬ ಎಂಬ ಭೇದ ಬರವಣಿಗೆಯಲ್ಲಿ ತೋರುವುದಿಲ್ಲ. ‘ಕಂಡ’ ಎಂದು ಬರೆದರೂ ‘ಗಂಡ’ ಎಂದು ಬರೆದರೂ ಅಲ್ಲಿ ಒಂದೇ ರೂಪ. ಆದ್ದರಿಂದ ಗ, ದ, ಬಗಳು ಬರುವೆಡೆಯಲ್ಲಿ ಅಕ್ಷರದ ಕೆಳಗೊಂದು ಗೆರೆ ಎಳೆಯುವ ರೂಢಿ ಇಟ್ಟುಕೊಂಡರೆ ಸಾಕು. ಹಾಗೆ ಗೆರೆ ಎಳೆಯುತ್ತ ಹೋದ ಮಗುವಿಗೆ ಕನ್ನಡದ ಅಕ್ಷರಮಾಲೆಯನ್ನು ಕಲಿಯುವ ಕುತೂಹಲ ತಾನಾಗಿ ಮೂಡಬಹುದು.

ಹಿರಿಯರು ಎರಡು ವಿಷಯಗಳಲ್ಲಿ ಉದಾರರಾಗಬೇಕು. ನಮ್ಮ ಸೀಮೆಯ ಕನ್ನಡದಲ್ಲಿ ಬೆಂಗಳೂರು, ಮೈಸೂರುಗಳವರಿಗೆ ತಿಳಿಯದ ಮಾತುಗಳಿವೆ. ಅವನ್ನು ತಿದ್ದಲು ಹೋಗಬಾರದು. ಮಗ ಆ ಹಾಡಿಗೆ ಗಿಟಾರು ಸೇರಿಸಿದರೆ, ಮಗಳು ಲಯವನ್ನು ಚುರುಕುಗೊಳಿಸಿದರೆ, ಹಾಡು ಕೆಟ್ಟಿತೆಂದು ಗದರಬಾರದು. ಮೂಲದ ಧಾಟಿ ಅಜ್ಜಿಯ ಧ್ವನಿಯಲ್ಲಿ ಭದ್ರವಾಗಿದ್ದರೆ ಹೊಸ ಧಾಟಿಯಿಂದ ಭಯವಿಲ್ಲ.

ಯಾವ ಹಾಡಿಗೆ ಯಾವ ಕಾಲದಲ್ಲಿ ಮರುಜೀವ ಬರುವುದೋ ಹೇಳಲಾಗದು. ಕಾನಿ ಫ್ರಾನ್ಸಿಸ್ ಹಾಡಿ, 1962ರಲ್ಲಿ ಹೊರಬಂದು, ಹೆಸರು ಮಾಡದೆ ಉಳಿದಿದ್ದ ‘ಪ್ರೆಟಿ ಲಿಟಲ್ ಬೇಬಿ’ ಎಂಬ ಪುಟ್ಟ ಹಾಡು 2025ರಲ್ಲಿ ಹಠಾತ್ತನೆ ಲೋಕದ ಹುಡುಗ ಹುಡುಗಿಯರ ಕೈಫೋನುಗಳಲ್ಲಿ ಮೊಳಗಿತು. ಹಾಡಿದಾಕೆಗೇ ಅದು ಮರೆತುಹೋಗಿತ್ತು. ಅದೇ ವರ್ಷದ ಜುಲೈ 16ರಂದು ಎಂಬತ್ತೇಳನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಾಗ, ಅವಳ ಕಾಲವನ್ನು ಕಾಣದ ಮಕ್ಕಳೂ ಆ ಹಾಡನ್ನು ಗುನುಗುತ್ತಿದ್ದರು. ಅರುವತ್ತಮೂರು ವರ್ಷ ಅದು ಉಳಿದುದು ಯಾರೋ ಅದನ್ನು ಮುದ್ರಿಸಿಟ್ಟಿದ್ದರೆಂಬ ಒಂದೇ ಕಾರಣದಿಂದ.

ಬರುವ ಲಗ್ನದ ತಿಂಗಳುಗಳಲ್ಲಿ ನಮ್ಮ ಊರುಗಳಲ್ಲಿ ಚಪ್ಪರಗಳು ಏಳುತ್ತವೆ. ಹಸೆಯ ಮುಂದೆ ಹಿರಿಯ ಮುತ್ತೈದೆಯೊಬ್ಬರು ಹಾಡಲು ಆರಂಭಿಸುವ ಹೊತ್ತಿಗೆ ಧ್ವನಿವರ್ಧಕದವರಿಗೆ ಹತ್ತು ನಿಮಿಷ ಸುಮ್ಮನಿರುವಂತೆ ಹೇಳಿ, ಮೊಮ್ಮಕ್ಕಳಲ್ಲೊಬ್ಬರು ಫೋನನ್ನು ಅವರ ಹತ್ತಿರ ಹಿಡಿಯಲಿ. ನಮ್ಮ ಓದುಗರ ಮನೆಗಳಲ್ಲಿ ಈ ವರ್ಷ ಇಷ್ಟಾದರೂ ನಡೆಯಲೆಂದು ಹಾರೈಸುತ್ತೇವೆ.